ಚಿಲಕಣ್ಣನ ಜೋಡಿ ಸ್ಪ್ರಿಂಗ್

ಹಡಗು ಹತ್ತುವ ಹಿಂದಿನ ದಿನ ನಮ್ಮ ಮನೆಯವರು ಮುಂಬಾಗಿಲಿಗೆ ಸ್ಪ್ರಿಂಗ್ ಹಾಕಿದರು. ಬಾಗಿಲನ್ನು ತಾನೇ ಎಳೆದು ಮುಚ್ಚುವ ಸ್ಪ್ರಿಂಗ್. ಅಂಗಡಿಯವನು ಬಿಡಿ ಕೊಡುವುದಿಲ್ಲ, ಜೋಡಿಯೇ ತಗೊಳ್ಳಬೇಕು ಅಂದನಂತೆ. ಇವರು ಜೋಡಿಯೇ ತಂದರು.

ಅವತ್ತು ನನಗೆ ಕೆಲಸಕ್ಕೆ ರಜೆ. ಒಲೆ ಹತ್ತಿರ ಕೂತು ಈರುಳ್ಳಿ ಹೆಚ್ಚುತ್ತಿದ್ದೆ. ಅತ್ತೆ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ಅವರಿಗೆ ಕಣ್ಣು ಮಂಜು. ಮುಖದ ಹತ್ತಿರ ಮುಖ ತಂದರೆ ಮಾತ್ರ ಯಾರು ಅಂತ ತಿಳಿಯುತ್ತದೆ. ಇವರು ಸ್ಟೂಲಿನ ಮೇಲೆ ನಿಂತು, ಸ್ಕ್ರೂಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಬಾಗಿಲಿಗೆ ತೂತು ಕೊರೆಯುತ್ತಿದ್ದರು.

“ಯಾಕ್ರೀ ಅದು?” ಅಂದೆ.

“ನೀನು ಬಾಗಿಲು ಹಾಕಲ್ಲವಲ್ಲ, ಅದಕ್ಕೆ. ಇನ್ನು ನೀನು ಮರೆತರೂ ಬಾಗಿಲು ಮರೆಯಲ್ಲ.”

“ಲೋ, ನಾನು ಹೊರಗೆ ಹೋಗೋದು ಹೇಗೋ?” ಅಂದರು ಅತ್ತೆ. “ಹಿಂದಿನಿಂದ ಬಂದು ಹೊಡೆದು ಬೀಳಿಸುತ್ತೆ.”

“ಇಲ್ಲಮ್ಮಾ. ಮೆಲ್ಲಗೆ ಬರುತ್ತೆ. ನಿನ್ನ ಸೊಸೆಗಿಂತ ಮೆದು.”

“ಹಾಗಾದ್ರೆ ಪರವಾಗಿಲ್ಲ,” ಅಂದರು ಅತ್ತೆ.

ನಾನು ಈರುಳ್ಳಿ ಬುಡ ಎಸೆದೆ. ಇವರ ಬೆನ್ನಿಗೆ ಬಿತ್ತು. ತಿರುಗಿ ನೋಡಲಿಲ್ಲ. ಸ್ಟೂಲಿನಿಂದ ಇಳಿದು ಬಾಗಿಲನ್ನು ಪೂರ್ತಿ ತೆರೆದು ಬಿಟ್ಟರು. ಅದು ಕೀರ್ ಅಂತ ಬಂದು, ಕೊನೆಯಲ್ಲಿ ಸ್ವಲ್ಪ ತಡೆದು, ಚಟಕ್ ಅಂತ ಕೂತಿತು. ಮತ್ತೆ ತೆರೆದು ಬಿಟ್ಟರು. ಮತ್ತೆ ಚಟಕ್. ಸಣ್ಣ ಮಗುವಿನ ಹಾಗೆ ಆಡಿದರು. ಅತ್ತೆ ಬೈದ ಮೇಲೆ ನಿಲ್ಲಿಸಿದರು.

ಆ ದಿನ ಅಷ್ಟೇ. ಊಟ ಮಾಡಿದೆವು, ಮಲಗಿದೆವು, ಸಂಜೆ ಚೀಲ ಕಟ್ಟಿದೆವು. ಇನ್ನೊಂದು ಸ್ಪ್ರಿಂಗನ್ನು ಕಾಲುಚೀಲದಲ್ಲಿ ಸುತ್ತಿ ಚೀಲದ ತಳಕ್ಕೆ ಇಟ್ಟುಕೊಂಡು, “ಇದು ಹಡಗಿಗೆ,” ಅಂದರು. ನಾನು ಹೂಂ ಅಂದೆ. ಕೇಳುವಂಥದ್ದು ಏನೂ ಇರಲಿಲ್ಲ.

ಇವರು ಏನು ಕೆಲಸ ಮಾಡುತ್ತಾರೆ ಅಂತ ಜನ ಕೇಳಿದರೆ ಹೇಳುವುದು ಕಷ್ಟವಾಗುತ್ತಿತ್ತು. ಅದು ಮೀನು ಹಿಡಿಯುವ ಹಡಗಲ್ಲ. ಸರಕು ಸಾಗಿಸುವ ಹಡಗೂ ಅಲ್ಲ. ಸಮುದ್ರದ ತಳದ ಮಣ್ಣಿನಲ್ಲಿ ಏನೇನು ಬದುಕಿದೆ ಅಂತ ನೋಡುವವರ ಹಡಗು. ಓದಿದವರು ನೋಡುತ್ತಾರೆ, ಇವರಂಥವರು ಎತ್ತಿ ಇಳಿಸುತ್ತಾರೆ. “ಕೆಸರು ತೊಳೆಯೋ ಕೆಲಸ,” ಅನ್ನುತ್ತಿದ್ದೆ ನಾನು. ಸುಳ್ಳೇನಲ್ಲ.

ನಾನು ಕೆಲಸಕ್ಕಿರುವುದು ಬಂದರಿನ ಹಿಂದಿನ ರಸ್ತೆಯ ಲಾಂಡ್ರಿಯಲ್ಲಿ. ಹಡಗು ದಡಕ್ಕೆ ಬಂದರೆ ಹಾಸಿಗೆ ಬಟ್ಟೆ, ಟವೆಲು, ಕೆಲಸದ ಬಟ್ಟೆ ಎಲ್ಲ ಮೂಟೆಯಾಗಿ ನಮ್ಮಲ್ಲಿಗೆ ಬರುತ್ತದೆ. ಹಾಗಾಗಿ ಇವರನ್ನು ನೋಡುವ ಮೊದಲು ಇವರ ಬಟ್ಟೆ ನೋಡಿದ್ದೆ. ಕತ್ತಿನಿಂದ ಕಾಲಿನವರೆಗೆ ಒಂದೇ ತುಂಡಿನ ಉಡುಪು, ಅದನ್ನು ಬಾಯ್ಲರ್ ಸೂಟ್ ಅನ್ನುತ್ತಾರೆ. ಮೊಣಕೈವರೆಗೆ ಬೂದಿ ಬಣ್ಣದ ಕೆಸರು. ಮೂಗು ಮುಚ್ಚಿಕೊಂಡು, “ಇದ್ಯಾವ ಹಂದಿಯ ಬಟ್ಟೆ?” ಅಂದೆ.

ಕಟ್ಟೆಯ ಆಚೆ ನಿಂತಿದ್ದ ಮನುಷ್ಯ, “ಆ ಹಂದಿ ನಾನೇ,” ಅಂದರು.

ನಮ್ಮ ಮದುವೆಯ ಮಾತು ಶುರುವಾದದ್ದು ಹೀಗೆ.

ಅಂಥ ಕೆಸರು ನಾನು ಬೇರೆ ಎಲ್ಲೂ ನೋಡಿಲ್ಲ. ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗೆ. ಕಲೆ ಹಿಡಿಯುವುದಿಲ್ಲ. ಆದರೆ ಹೊಲಿಗೆಯ ಸಂದಿಯಲ್ಲಿ ಹೋಗಿ ಕೂತುಬಿಡುತ್ತದೆ. ಬ್ರಷ್ ಹಾಕಿಯೇ ತೆಗೆಯಬೇಕು.

ಅದನ್ನು ಹೇಗೆ ತರುತ್ತಾರೆ ಅಂತ ಇವರು ಲೋಟ ಚಮಚ ಇಟ್ಟು ತೋರಿಸಿದ್ದರು. ಒಂದು ಕಬ್ಬಿಣದ ಚೌಕಟ್ಟು, ಅದರ ತುಂಬ ಪ್ಲಾಸ್ಟಿಕ್ ಕೊಳವೆಗಳು. ತಂತಿಹಗ್ಗ ಕಟ್ಟಿ ಕೆಳಗೆ ಬಿಡುತ್ತಾರೆ. ತಿಂಡಿ ತಿಂದು ಕೆಳಗೆ ಬಿಟ್ಟರೆ, ಅದು ಮೇಲೆ ಬರುವ ಹೊತ್ತಿಗೆ ಮಧ್ಯಾಹ್ನದ ಊಟ ಮುಗಿದಿರುತ್ತದೆ, ಅಷ್ಟು ಆಳ. ಕೊಳವೆಯೊಳಗೆ ಮಣ್ಣು ಕಲಕದೆ ನಿಂತಿರಬೇಕು, ಅದರ ಮೇಲೆ ತಳದ ನೀರು ತಿಳಿಯಾಗಿ ನಿಂತಿರಬೇಕು. ಕಲಕಿದರೆ ಯಾವ ಹುಳ ಮೇಲಿತ್ತು, ಯಾವುದು ಕೆಳಗಿತ್ತು ಗೊತ್ತಾಗುವುದಿಲ್ಲ. ಇವರು ಒಂದೊಂದೇ ಕೊಳವೆಯನ್ನು ಎರಡು ಕೈಯಲ್ಲೂ ಎದೆಗವಚಿಕೊಂಡು, ತೂಗಾಡುವ ಹಡಗಿನಲ್ಲಿ ಹೆಜ್ಜೆ ಹಾಕುತ್ತ ಒಳಗೆ ಒಯ್ಯಬೇಕು.

“ತುಂಬಿದ ಕೊಡ ತುಳುಕಲ್ಲ ಅಂತಾರಲ್ಲ,” ಅಂದರು ಅತ್ತೆ.

“ಆ ಗಾದೆ ಮಾಡಿದವನು ಹಡಗು ಹತ್ತಿರಲಿಲ್ಲಮ್ಮಾ,” ಅಂದರು ಇವರು.

ಒಯ್ಯುವುದು ತಣ್ಣನೆ ಕೋಣೆಗೆ. ತಳದಲ್ಲಿ ಯಾವಾಗಲೂ ಚಳಿ, ಕತ್ತಲೆ. ಅಲ್ಲಿಯ ಹುಳ ಮೇಲಿನ ಸೆಖೆಗೆ ಬಂದರೆ ಸ್ವಲ್ಪ ಹೊತ್ತಿಗೇ ಸತ್ತು ಕರಗಿಹೋಗುತ್ತದೆ. ಅದಕ್ಕೆ ಹಡಗಿನ ಹೊಟ್ಟೆಯಲ್ಲಿ ಒಂದು ಕೋಣೆಯನ್ನು ತಳದಷ್ಟೇ ತಣ್ಣಗೆ ಇಟ್ಟಿರುತ್ತಾರೆ. ನಮ್ಮ ಬಚ್ಚಲಿಗಿಂತ ಒಂದು ಮೊಳ ದೊಡ್ಡದು. ಮೂರು ಗೋಡೆಗೂ ಕೊಳವೆ ನಿಲ್ಲಿಸುವ ಹಲಗೆ. ನಡುವೆ ಒಬ್ಬ ಗಿಡ್ಡ ಸ್ಟೂಲು ಹಾಕಿಕೊಂಡು ಕೂರಬಹುದು. ಮಲಗುವಷ್ಟು ಜಾಗವಿಲ್ಲ. ಅಲ್ಲಿ ಕೂತು ಇವರು ಮಣ್ಣನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು, ತಣ್ಣೀರಲ್ಲಿ ಜರಡಿ ಹಿಡಿಯುತ್ತಿದ್ದರು. ಕೂದಲೆಳೆಯಂಥ ಹುಳ, ನುಚ್ಚಿನಂಥ ಚಿಪ್ಪು ಉಳಿಯುತ್ತಿತ್ತು. ಬೆರಳು ಮರಗಟ್ಟುತ್ತಿತ್ತು. ಮನೆಗೆ ಬಂದ ಮೇಲೂ ಅನ್ನ ಕಲೆಸುವಾಗ ಎಡಗೈಯಿಂದ ಬಲಗೈ ತಿಕ್ಕಿಕೊಳ್ಳುತ್ತಿದ್ದರು.

“ಅವು ಏನು ತಿನ್ನುತ್ತವೋ ಅಲ್ಲಿ?” ಅಂತ ಅತ್ತೆ ಕೇಳಿದರು.

“ಮೇಲಿನೋರ ಎಂಜಲು. ಮೇಲೆ ಸತ್ತದ್ದು, ತಿಂದು ಬಿಟ್ಟದ್ದು ಎಲ್ಲ ಮೆಲ್ಲಗೆ ಇಳೀತಾ ಇಳೀತಾ ಕೆಳಗೆ ಬರುತ್ತೆ. ಅದಕ್ಕೇ ಕಾದಿರುತ್ತವೆ.”

“ನಿನ್ನ ಸಂಬಳದ ಹಾಗೆ ಅನ್ನು.”

ಒಂದು ಸಲ ತಳಕ್ಕೆ ಬಿಟ್ಟ ಕ್ಯಾಮೆರಾದಲ್ಲಿ ಸತ್ತ ತಿಮಿಂಗಿಲ ಕಂಡಿತಂತೆ. ಮಾಂಸವೆಲ್ಲ ಹೋಗಿ, ಮೂಳೆಯೊಳಗೂ ಹುಳ ಮನೆ ಮಾಡಿತ್ತಂತೆ. “ಒಂದು ಊರೇ ಆಗಿತ್ತು ಕಣೇ,” ಅಂತ ಖುಷಿಯಿಂದ ಹೇಳಿದರು. ನನಗೆ ಖುಷಿಯಾಗಲಿಲ್ಲ. ಊಟದ ಹೊತ್ತಿನಲ್ಲಿ ಯಾಕೆ ಈ ಮಾತು ಅಂದೆ.

ನಮಗೆ ಮಕ್ಕಳಾಗಲಿಲ್ಲ. ಹುಳಗಳನ್ನೇ ಸಾಕಿದ ಅಂತ ಅತ್ತೆ ಚುಚ್ಚುತ್ತಿದ್ದರು. ಇವರು ನಗುತ್ತಿದ್ದರು.

ಇವರಿಗೆ ಇದ್ದದ್ದು ಒಂದೇ ಹುಚ್ಚು, ಬಾಗಿಲು ಹಾಕುವುದು. ತಣ್ಣನೆ ಕೋಣೆಯ ಬಾಗಿಲು ತೆರೆದಿಟ್ಟರೆ ಸೆಖೆ ನುಗ್ಗಿ ಹುಳ ಸಾಯುತ್ತದೆ. ಕೊಳವೆ ಹೊತ್ತು ಬರುವವರಿಗೆ ಎರಡು ಕೈಯೂ ತುಂಬಿರುತ್ತದೆ, ಬಾಗಿಲು ಹಾಗೇ ಬಿಟ್ಟು ಹೋಗುತ್ತಾರೆ. ಇವರು ಹಿಂದೆಯೇ ಹೋಗಿ ಹಾಕುತ್ತಿದ್ದರು. “ಬಾಗಿಲು ಹಾಕ್ರೋ, ಒಳಗೆ ಬಾಣಂತಿಯರಿದ್ದಾರೆ” ಅಂತ ಕೂಗುತ್ತಿದ್ದರಂತೆ. ಅದಕ್ಕೆ ಹಡಗಿನವರು ಇಟ್ಟ ಹೆಸರು ಚಿಲಕಣ್ಣ. ಮನೆಯಲ್ಲೂ ಅದೇ ಕಥೆ. ಫ್ರಿಡ್ಜ್ ತೆರೆದು ನಾನು ಒಂದು ಗಳಿಗೆ ಯೋಚಿಸಿದರೆ ಹಿಂದಿನಿಂದ ಕೈ ಬಂದು ಮುಚ್ಚುತ್ತಿತ್ತು. ನಾನೋ, ದಿನವಿಡೀ ಲಾಂಡ್ರಿಯ ಹಬೆಯಲ್ಲಿ ಬೆಂದು ಬಂದವಳು. ನನಗೆ ಗಾಳಿ ಬೇಕು. ನಾನು ತೆರೆಯುವುದು, ಇವರು ಮುಚ್ಚುವುದು. ಮದುವೆಯಾದ ಲಾಗಾಯ್ತಿನಿಂದ ನಮ್ಮ ಜಗಳ ಇದೊಂದೇ. ಬೇರೆ ಜಗಳಕ್ಕೆ ಇವರು ಮನೆಯಲ್ಲಿ ಇರುತ್ತಿರಲಿಲ್ಲ.

ಆ ಸಲ ಹಡಗಿನಿಂದ ಫೋನು ಬಂದಾಗ ನಾನು ಲಾಂಡ್ರಿಯಲ್ಲಿ ಆಸ್ಪತ್ರೆಯ ಹೊದಿಕೆಗಳನ್ನು ಹಿಂಡುತ್ತಿದ್ದೆ. ಯಂತ್ರದ ಸದ್ದಿಗೆ ಕೇಳಿಸಲಿಲ್ಲ. ಹಿಂದಿನ ಓಣಿಗೆ ಬಂದೆ. ಹೆಂಗಸಿನ ದನಿ. ಹಡಗಿನ ಓದಿದವರಲ್ಲಿ ದೊಡ್ಡವರು. ಇವರೆಲ್ಲ ಅವರನ್ನು ಹುಳದ ಮೇಡಂ ಅನ್ನುತ್ತಿದ್ದರು. ಅವರ ಮುಂದೆಯೂ ಅನ್ನುತ್ತಿದ್ದರಂತೆ. ದನಿ ದೂರದಿಂದ ಬಂದು, ನಡುವೆ ನಿಂತು, ಮತ್ತೆ ಬರುತ್ತಿತ್ತು.

“ನಿಮ್ಮ ಯಜಮಾನರು ಹೋಗಿಬಿಟ್ಟರು,” ಅಂದರು.

“ಎಲ್ಲಿಗೆ?” ಅಂದೆ. ಹಡಗಿನಿಂದ ಎಲ್ಲಿಗೆ ಹೋಗುತ್ತಾರೆ ಅಂತ ನಿಜವಾಗಿಯೂ ತಿಳಿಯಲಿಲ್ಲ.

ಆಮೇಲೆ ಬಿಡಿಸಿ ಹೇಳಿದರು. ಹುಳಗಳನ್ನು ಗಟ್ಟಿಯಾಗಿ ಹೆಪ್ಪುಗಟ್ಟಿಸಿ ಇಡುವ ಪೆಟ್ಟಿಗೆ ಕೆಟ್ಟುಹೋಗಿತ್ತು. ಅದಕ್ಕೆ ಡ್ರೈ ಐಸ್ ತುಂಬಿದ ಡಬ್ಬಿಯಲ್ಲಿ ಅವನ್ನು ಇಟ್ಟರು. ಆ ಐಸ್ ಕರಗಿ ನೀರಾಗುವುದಿಲ್ಲ, ಗಾಳಿಯಾಗಿ ಹೋಗುತ್ತದೆ. ಸೆಖೆಯಲ್ಲಿ ಬೇಗ ಹೋಗುತ್ತದೆ. ಬೇಗ ಹೋಗದಿರಲಿ ಅಂತ ಡಬ್ಬಿಯನ್ನು ತಣ್ಣನೆ ಕೋಣೆಯೊಳಗೆ ಇಟ್ಟರು. ಎಲ್ಲರಿಗೂ ಒಳ್ಳೆ ಉಪಾಯ ಅನಿಸಿತು. ಅದರ ಗಾಳಿ ಉಸಿರಾಡುವ ಗಾಳಿಯಲ್ಲ, ಭಾರದ ಗಾಳಿ, ನೆಲದಿಂದ ತುಂಬಿಕೊಳ್ಳುತ್ತ ಬರುತ್ತದೆ. ಇವರು ಗಿಡ್ಡ ಸ್ಟೂಲಿನ ಮೇಲೆ ಕೂತು ಮಣ್ಣು ಕೊಯ್ಯುತ್ತಿದ್ದರು. ಊಟಕ್ಕೆ ಬರಲಿಲ್ಲ ಅಂತ ಹೋಗಿ ನೋಡಿದರೆ ಗೋಡೆಗೆ ಒರಗಿ ಕೂತಿದ್ದರಂತೆ. ನಿದ್ದೆ ಹೋಗಿದ್ದಾರೆ ಅಂದುಕೊಂಡರಂತೆ.

“ಬಾಗಿಲು ಹಾಕಿತ್ತಾ?” ಅಂದೆ.

 

“ಹಾಕಿತ್ತು,” ಅಂದರು.

ಆಮೇಲೆ ಕೇಳಬೇಕಾದ್ದನ್ನು ಕೇಳಿದರು. ದಡಕ್ಕೆ ಬರಲು ವಾರದ ಮೇಲಾಗುತ್ತದೆ. ಅಷ್ಟು ದಿನ ಆ ಸೆಖೆಯಲ್ಲಿ ಹೆಣ ಇಡಲು ಜಾಗವಿಲ್ಲ. ಅಡುಗೆಯ ಫ್ರೀಜರ್ ಚಿಕ್ಕದು, ಹಡಗಿನವರ ಊಟವೆಲ್ಲ ಅದರಲ್ಲಿದೆ. ಒಂದು ದಾರಿ, ಸಮುದ್ರದಲ್ಲೇ ಮರ್ಯಾದೆಯಿಂದ ಬಿಡುವುದು. ಇನ್ನೊಂದು, ತಣ್ಣನೆ ಕೋಣೆಯ ಹಲಗೆಗಳನ್ನು ಬಿಚ್ಚಿ, ಮಣ್ಣಿನ ಕೊಳವೆಯೆಲ್ಲ ಹೊರಗೆ ಹಾಕಿ, ಅಲ್ಲಿ ಮಲಗಿಸಿಕೊಂಡು ಬರುವುದು. ಹೊರಗೆ ಹಾಕಿದರೆ ಮಣ್ಣು ಉಳಿಯುವುದಿಲ್ಲ. ಹಡಗಿಗಾಗಿ ವರ್ಷಗಟ್ಟಲೆ ಕಾದು ತೆಗೆದ ಮಣ್ಣು. ಮಣ್ಣಿನ ಮಾತನ್ನು ಅವರಾಗಿ ಹೇಳಲಿಲ್ಲ. ನಾನು ಕೇಳಿದೆ, ಹೇಳಿದರು.

“ನೀವು ಹೇಳಿದ ಹಾಗೆ ಮಾಡ್ತೀವಿ. ಯೋಚನೆ ಮಾಡಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡ್ತೀನಿ.”

ಲಾಂಡ್ರಿ ಯಜಮಾನ ಕುರ್ಚಿ ತಂದು ಕೂರಿಸಿದ. ಒಳ್ಳೆಯವನೇ. “ನೋಡಮ್ಮಾ, ಸಮುದ್ರದಲ್ಲಿ ದುಡಿದ ಮನುಷ್ಯ. ಸಮುದ್ರಕ್ಕೇ ಬಿಟ್ಟರೆ ಅದೂ ಒಂದು ಗೌರವವೇ,” ಅಂದ. ಅವನು ಸಮುದ್ರ ಕಂಡದ್ದು ದಡದಿಂದ. ಅವನಿಗೆ ಮೇಲಿನ ನೀರು ಗೊತ್ತು, ತಳ ಗೊತ್ತಿಲ್ಲ. ನನಗೆ ಗೊತ್ತಿತ್ತು. ಊಟದ ಹೊತ್ತಿನಲ್ಲಿ ಕೂರಿಸಿಕೊಂಡು ಹೇಳಿದ್ದರಲ್ಲ.

ಮನೆಗೆ ಹೋದೆ. ಅತ್ತೆಗೆ ಹೇಳಬೇಕಿತ್ತು. ಬಾಗಿಲು ತಳ್ಳಿ ಒಳಗೆ ಕಾಲಿಟ್ಟೆ, ಹಿಂದೆ ಚಟಕ್ ಅಂತ ಮುಚ್ಚಿತು.

“ಬಂದನೇನೇ?” ಅಂದರು ಅತ್ತೆ. ಆ ಸದ್ದು ಕೇಳಿದರೆ ಅವರಿಗೆ ಮಗನ ನೆನಪು.

ಹೇಳಿದೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ.

ಅವರು ಅಳಲಿಲ್ಲ. “ಯಾರು ಹೇಳಿದ್ದು?” ಅಂದರು.

“ಫೋನು ಬಂತು.”

“ಫೋನಿಗೇನು ಬಾಯಿಗೆ ಬಂದದ್ದು ಹೇಳುತ್ತೆ. ಹೋದ ವರ್ಷ ನನಗೆ ಲಾಟರಿ ಹೊಡೆದಿದೆ ಅಂತಲೂ ಫೋನೇ ಹೇಳಿತ್ತು. ಮುಖ ತೋರಿಸು, ನಂಬ್ತೀನಿ.”

“ಅತ್ತೆ...”

“ಮುಖ ತೋರಿಸೇ ನನಗೆ. ಇಲ್ಲದಿದ್ರೆ ನನ್ನ ಮಗ ಹಡಗಲ್ಲಿದ್ದಾನೆ. ನಾನು ಸಾಯೋವರೆಗೂ ಹಡಗಲ್ಲೇ ಇರ್ತಾನೆ.”

ಗೋಡೆ ಕಡೆ ತಿರುಗಿ ಕೂತರು. ಆ ಬಾಗಿಲು ಇನ್ನು ಪ್ರತಿ ಸಲ ಚಟಕ್ ಅಂದಾಗ “ಬಂದನೇನೇ” ಅನ್ನುತ್ತಾರೆ, ಸಾಯುವವರೆಗೂ ಅನ್ನುತ್ತಾರೆ ಅಂತ ನನಗೆ ಕಂಡಿತು. ಉತ್ತರ ಕೊಡಬೇಕಾದವಳು ನಾನು.

ಫೋನು ಬಂತು.

“ಮನೆಗೆ ತನ್ನಿ,” ಅಂದೆ.

“ಸರಿ ಅಮ್ಮಾ,” ಅಂದರು ಮೇಡಂ. ಆಮೇಲೆ, “ಅವರು ಯಾವತ್ತಾದರೂ ಹೇಳಿದ್ದರಾ, ಸಮುದ್ರಕ್ಕೆ ಬಿಡಿ ಅಂತ, ಬೇಡ ಅಂತ?”

“ಅವರು ಸಾಯೋ ಮಾತೇ ಆಡ್ತಿರಲಿಲ್ಲ. ಬಾಗಿಲ ಮಾತು ಆಡ್ತಿದ್ದರು.”

“ಕೊಳವೆ ತೆಗೀತೀವಿ.”

“ತೆಗೀರಿ. ಎಸೀರಿ.”

ಇವರು ಬದುಕಿದ್ದರೆ ಆ ಮಾತಿಗೆ ನನ್ನ ಜೊತೆ ತಿಂಗಳು ಮಾತಾಡುತ್ತಿರಲಿಲ್ಲ. ಗೊತ್ತಿದ್ದೇ ಹೇಳಿದೆ.

ಆಮೇಲಿನ ದಿನಗಳನ್ನು ಹೇಗೆ ಕಳೆದೆ ಅಂತ ಕೇಳಿದರೆ, ಬಟ್ಟೆ ಒಗೆದೆ. ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ. ಅಳಲು ಬಂದವರು ಒಬ್ಬೊಬ್ಬರಾಗಿ ಒಳಗೆ ಬರುತ್ತಿದ್ದರು, ಪ್ರತಿ ಸಲ ಬಾಗಿಲು ಚಟಕ್ ಅನ್ನುತ್ತಿತ್ತು, ಅತ್ತೆ ಕತ್ತು ಎತ್ತುತ್ತಿದ್ದರು. ಪಕ್ಕದ ಮನೆಯವಳು, “ಅಕ್ಕಾ, ಭಾವ ಇನ್ನೂ ನೀರಿನ ಮೇಲೇ ಇದ್ದಾರೆ, ನಿಮ್ಮ ಕಣ್ಣಲ್ಲಿ ಹನಿ ನೀರಿಲ್ಲವಲ್ಲ,” ಅಂದಳು. ಹೌದು, ಇರಲಿಲ್ಲ. ನಾನು ಕಾಯುತ್ತಿದ್ದೆ. ಕಾಯುವಾಗ ಅಳಲು ಬರುವುದಿಲ್ಲ.

ಹಡಗು ಬಂದದ್ದು ಬೆಳಿಗ್ಗೆ. ಯಾವ ಹಡಗು ಬಂದರೂ ಬಂದರಿನಲ್ಲಿ ಗಲಾಟೆ ಇರುತ್ತದೆ. ಅವತ್ತು ಇರಲಿಲ್ಲ. ಮೊದಲು ಇಳಿದದ್ದು ಅಡುಗೆಯವನು. ದಪ್ಪ ಮನುಷ್ಯ, ಇವರಿಗೆ ತಮ್ಮನಿದ್ದ ಹಾಗೆ. ನಮ್ಮ ಮನೆಯಲ್ಲಿ ಎಷ್ಟೋ ಸಲ ಉಂಡು, ಉಪ್ಪು ಕಡಿಮೆ ಅಂತ ಹೇಳಿ ಹೋದವನು. ಇವರ ಚೀಲ ಅವನ ಹೆಗಲಲ್ಲಿತ್ತು.

“ಅತ್ತಿಗೆ,” ಅಂದ. ಚೀಲವನ್ನು ಇಳಿಸಿ ನನ್ನ ಕಾಲ ಬಳಿ ಇಟ್ಟ.

“ಹೇಳು. ನನಗೆ ಎಲ್ಲ ಹೇಳು,” ಅಂದೆ.

ಹೇಳಿದ. ಹಡಗು ಹೊರಟ ದಿನವೇ ಇವರು ಚೀಲದಿಂದ ಸ್ಪ್ರಿಂಗ್ ತೆಗೆದು ತಣ್ಣನೆ ಕೋಣೆಯ ಬಾಗಿಲಿಗೆ ಹಾಕಿದರಂತೆ. ಇನ್ನು ಕೈ ತುಂಬ ಕೊಳವೆ ಹೊತ್ತು ಬಂದರೂ ಬಾಗಿಲ ಚಿಂತೆ ಇಲ್ಲ, ಅದೇ ಮುಚ್ಚಿಕೊಳ್ಳುತ್ತದೆ. “ಎಲ್ಲರೂ ಚಪ್ಪಾಳೆ ತಟ್ಟಿದೆವು ಅತ್ತಿಗೆ. ಚಿಲಕಣ್ಣ ತನಗೆ ತಾನೇ ರಜೆ ಕೊಟ್ಟುಕೊಂಡ ಅಂತ ತಮಾಷೆ ಮಾಡಿದ್ವಿ. ಅಣ್ಣ ತಲೆ ಬಾಗಿಸಿ ನಮಸ್ಕಾರ ಮಾಡಿದ.”

ಮೊದಲಾದರೆ ಆ ಬಾಗಿಲು ಯಾವಾಗಲೂ ಒಂದಿಷ್ಟು ತೆರೆದಿರುತ್ತಿತ್ತು. ಇವರು ಹಾಕುವುದು, ಯಾರೋ ಬಿಡುವುದು. ಈ ಸಲ ಒಬ್ಬರೂ ಬಿಡಲಿಲ್ಲ. ಬಿಡುವ ಹಾಗೇ ಇರಲಿಲ್ಲ. ಒಳಗಿನಿಂದ ತಳ್ಳಿದರೆ ತೆರೆಯುತ್ತಿತ್ತು. ಆದರೆ ತಳ್ಳಬೇಕು ಅಂತ ಇವರಿಗೆ ಗೊತ್ತಾಗಬೇಕಿತ್ತಲ್ಲ. ಆ ಗಾಳಿಗೆ ವಾಸನೆಯಿಲ್ಲವಂತೆ. ತಲೆ ಭಾರವಾದರೆ ಚಳಿಗೆ ಅಂದುಕೊಂಡಿರುತ್ತಾರೆ.

“ಆ ಸ್ಪ್ರಿಂಗ್ ಎಲ್ಲಿ?” ಅಂದೆ.

“ಕಿತ್ತು ನೀರಿಗೆ ಎಸೆದೆ.”

“ಮಣ್ಣು?”

“ಮೇಡಂ ಯಾರನ್ನೂ ಮುಟ್ಟೋಕೆ ಬಿಡಲಿಲ್ಲ. ಒಬ್ಬರೇ ಒಂದೊಂದು ಕೊಳವೆ ಅಣ್ಣನ ಹಾಗೇ ಎದೆಗೆ ಹಿಡಿದುಕೊಂಡು ಬಂದು ಸಮುದ್ರಕ್ಕೆ ಸುರಿದರು. ಅಲ್ಲಾಡದ ಹಾಗೆ. ಎಸೆಯೋ ಮಣ್ಣಿಗೆ ಅಷ್ಟು ಜೋಪಾನ ಯಾಕೆ ಅಂತ ಕೇಳಬೇಕು ಅನ್ನಿಸಿತು, ಕೇಳಲಿಲ್ಲ. ಒಂದರಲ್ಲಿ ಏನೋ ಇನ್ನೂ ಆಡ್ತಾ ಇತ್ತು ಅತ್ತಿಗೆ.”

“ಕೆಳಗೆ ಹೋಗಿ ಬದುಕುತ್ತಾ?”

“ಮೇಲಿನ ನೀರು ಬಿಸಿ. ಮುಟ್ಟೋ ಹೊತ್ತಿಗೆ ಸತ್ತಿರುತ್ತೆ. ಕೆಳಗಿನೋರಿಗೆ ಊಟ.”

ಆಮೇಲೆ ಮೇಡಂ ಇಳಿದರು. ಸಣ್ಣ ದೇಹ, ಬೆಳ್ಳಿ ಕೂದಲು. ನಾನು ದೊಡ್ಡ ಆಳು ಅಂತ ಎಣಿಸಿದ್ದೆ. ಉಗುರಿನ ಸಂದಿಯಲ್ಲಿ ಬೂದಿ ಬಣ್ಣದ ಕೆಸರು. ನನ್ನ ಮುಂದೆ ನಿಂತು, “ಆ ಡಬ್ಬಿ ಒಳಗಿಡಿ ಅಂದಿದ್ದು ನಾನು,” ಅಂದರು.

“ಗೊತ್ತು,” ಅಂದೆ. ಗೊತ್ತಿರಲಿಲ್ಲ. ನಾನು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಎರಡಕ್ಕೂ ನನ್ನಲ್ಲಿ ತ್ರಾಣವಿರಲಿಲ್ಲ. ಅವರು ಅಲ್ಲೇ ನಿಂತಿದ್ದರು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಇವರನ್ನು ಗಾಡಿಗೆ ಹಾಕುವವರೆಗೂ ನಿಂತಿದ್ದರು.

ಮನೆಗೆ ತಂದೆವು. ಇವರನ್ನಿಟ್ಟ ಪೆಟ್ಟಿಗೆ ಒಳಗೆ ಬರುವಾಗ ಬಾಗಿಲು ಹೊತ್ತವರ ಭುಜಕ್ಕೆ ಬಡಿಯಿತು. ಅಡುಗೆಯವನು ಬೆನ್ನು ಕೊಟ್ಟು ತಡೆದು ಹಿಡಿದ. ಅವನ ಮುಖ ನಾನು ನೋಡಲಿಲ್ಲ.

ಅತ್ತೆಯನ್ನು ಕೈ ಹಿಡಿದು ಕರೆದುಕೊಂಡು ಬಂದೆ. ಅವರು ಬಗ್ಗಿದರು, ಇನ್ನೂ ಬಗ್ಗಿದರು, ಮೂಗಿಗೆ ಮೂಗು ತಾಗುವಷ್ಟು. ಬೆರಳಿನಿಂದ ಹಣೆ, ಹುಬ್ಬು, ಗಲ್ಲದ ಹಳೆ ಗಾಯ ಮುಟ್ಟಿ ನೋಡಿದರು. ಮನೆಯ ತುಂಬ ಜನ. 

“ಇವನೇ,” ಅಂದರು. ಆಮೇಲೆ ನನ್ನ ಕಡೆ ತಿರುಗಿ, “ಇಷ್ಟು ತಣ್ಣಗಿದ್ದಾನಲ್ಲೇ. ಏನಾದರೂ ಹೊದಿಸೇ,” ಅಂದರು.

ಹೊದಿಸಿದೆ. ಆಗ ನನಗೆ ಅಳು ಬಂತು.

ಮಣ್ಣು ಮಾಡಿ ಬಂದ ಮೇಲೆ ಎಲ್ಲರೂ ಹೋದರು. ಕಡೆಯವರು ಹೊರಗೆ ಕಾಲಿಟ್ಟಾಗ ಬಾಗಿಲು ಚಟಕ್ ಅಂತು. ಅತ್ತೆ ಕತ್ತೆತ್ತಲಿಲ್ಲ. ನಾನು ಬೇಡಿದ್ದು ಇಷ್ಟೇ. ಸಿಕ್ಕಿತು.

ಮುಂದಿನ ವಾರ ಹಡಗಿನ ಬಟ್ಟೆಯ ಮೂಟೆ ಲಾಂಡ್ರಿಗೆ ಬಂತು, ಯಾವಾಗಲೂ ಬರುವ ಹಾಗೆ. ಯಜಮಾನ ಬೇರೆಯವಳಿಗೆ ಕೊಡುತ್ತೇನೆ ಅಂದ. ಬೇಡ ಅಂದೆ. ಇವರ ಬಾಯ್ಲರ್ ಸೂಟ್ ಅದರೊಳಗೇ ಇತ್ತು. ಹೊಲಿಗೆ ಸಂದಿಯಲ್ಲಿ ಕೆಸರು. ಬ್ರಷ್ ಹಾಕಿ ತಿಕ್ಕಿದೆ. ಹೋಯಿತು. ಒಗೆದು, ಒಣಗಿಸಿ, ಮಡಚಿ ಹಡಗಿಗೇ ವಾಪಸು ಕಳಿಸಿದೆ. ಅದು ಹಡಗಿನ ಬಟ್ಟೆ.

ನಮ್ಮ ಬಾಗಿಲಿನ ಸ್ಪ್ರಿಂಗ್ ಹಾಗೇ ಇದೆ. ಅಡುಗೆಯವನು ಬಂದಾಗಲೆಲ್ಲ, “ಬಿಚ್ಚಿ ಕೊಡ್ತೀನಿ ಅತ್ತಿಗೆ,” ಅನ್ನುತ್ತಾನೆ. ಬೇಡ ಅನ್ನುತ್ತೇನೆ. ಸ್ಕ್ರೂ ಬಿಗಿಯಾಗಿ ಕೂತಿದೆ. ಇವರು ಮಾಡಿದ ಕೆಲಸ ಯಾವುದೂ ಸಡಿಲ ಇರುತ್ತಿರಲಿಲ್ಲ.

ಬೆಳಿಗ್ಗೆ ಎದ್ದರೆ ಮೊದಲು ಅತ್ತೆಗೆ ಇನ್ನೊಂದು ಕಂಬಳಿ ಹೊದಿಸುತ್ತೇನೆ, ಚಳಿ ಅಂತ ಗೊಣಗುತ್ತಾರೆ. ಹಿಂದಿನ ಕಿಟಕಿ ತೆರೆಯುತ್ತೇನೆ. ಆಮೇಲೆ ಮುಂಬಾಗಿಲನ್ನು ಗೋಡೆಗೆ ತಾಗುವವರೆಗೂ ತಳ್ಳಿ, ಮೊಣಕಾಲು ಕೊಟ್ಟು ಹಿಡಿಯುತ್ತೇನೆ. ಅದು ಬಲವಾಗಿ ಎಳೆಯುತ್ತದೆ. ಲಾಂಡ್ರಿಯಿಂದ ತಂದ ಹಳೆ ಇಸ್ತ್ರಿಪೆಟ್ಟಿಗೆ ಇದೆ, ಕಬ್ಬಿಣದ್ದು. ಅದನ್ನು ಕಾಲಿನಿಂದ ಜರುಗಿಸಿ ಬಾಗಿಲಿಗೆ ಅಡ್ಡ ಇಡುತ್ತೇನೆ. ನಿಂತಿತಾ ಅಂತ ಮೊಣಕಾಲು ತೆಗೆದು ನೋಡುತ್ತೇನೆ. ನಿಂತ ಮೇಲೆ ಒಲೆ ಹಚ್ಚುತ್ತೇನೆ.